ಅರ್ಜಿ ಹಾಕಿದ ಮೇಲೆ ಆಚೆ ಕಡೆ ಏನಾಗುತ್ತೆ? ನೇಮಕಾತಿ ಸಾಫ್ಟ್‌ವೇರ್ ಒಂದನ್ನು ಬಿಚ್ಚಿ ಕಟ್ಟಿದ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ



ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಯಾವುದೋ ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೀರಿ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಅಂತ ಒಂದು ಮೆಸೇಜ್ ಬಂತು. ಆಮೇಲೆ? ಒಂದು ವಾರ ಆಯ್ತು, ಒಂದು ತಿಂಗಳಾಯ್ತು, ಮೂರು ತಿಂಗಳಾಯ್ತು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಆಗ ನಮಗೆ ಬರೋ ಯೋಚನೆ ಎರಡೇ. ಒಂದು, ‘ನನಗೆ ಅರ್ಹತೆ ಇಲ್ಲ’. ಇನ್ನೊಂದು, ‘ಒಳಗೆ ಯಾರೋ ಇನ್‌ಫ್ಲುಯೆನ್ಸ್ ಮಾಡಿಸಿದ್ದಾರೆ’. ಎರಡೂ ನಿಜ ಇರಬಹುದು. ಆದರೆ ಮೂರನೇ ಕಾರಣ ಒಂದಿದೆ, ಅದನ್ನ ಯಾರೂ ಹೇಳೋದಿಲ್ಲ. ನಿಮ್ಮ ಅರ್ಜಿ ನೋಡಬೇಕಾದವರ ಸ್ಕ್ರೀನಲ್ಲಿ ಅದು ಅವರ ಕಣ್ಣಿಗೇ ಬಿದ್ದಿಲ್ಲ.

ಇವತ್ತು ಆ ಮೂರನೇ ಕಾರಣದ ಬಗ್ಗೆ ಮಾತಾಡೋಣ. ನಾನು ಗುಬ್ಬಿ ತಾಲ್ಲೂಕಿನ ಚೇಳೂರಿನವನು. ಕಚೇರಿಗಳ ಒಳಗೆ ಬಳಸೋ ಸಾಫ್ಟ್‌ವೇರ್‌ಗಳ ವಿನ್ಯಾಸ ಮಾಡೋದು ನನ್ನ ಕೆಲಸ. ತುಮಕೂರಿನ ಆಸುಪಾಸಿನ ಕಾರ್ಖಾನೆಗಳಿಗೆ ಜನರನ್ನು ಆರಿಸಿ ಕೊಡೋ ಒಂದು ಸಂಸ್ಥೆ ತನ್ನ ನೇಮಕಾತಿ ಸಾಫ್ಟ್‌ವೇರ್ ಸರಿಮಾಡಿಕೊಡಿ ಅಂತ ಕರೆದಿತ್ತು. ಹೆಸರು ಬೇಡ. ಯಾಕಂದ್ರೆ ಇದು ಒಂದು ಸಂಸ್ಥೆಯ ಕಥೆ ಅಲ್ಲ, ಇಂಥವು ನೂರಾರಿವೆ.

ಮೊದಲು, ಇಂಟರ್ನಲ್ ಟೂಲ್ ಅಂದ್ರೆ ಏನು?

ನಿಮ್ಮ ಫೋನಲ್ಲಿರೋ ಆ್ಯಪ್ ಚೆನ್ನಾಗಿಲ್ಲ ಅಂದ್ರೆ ಏನ್ ಮಾಡ್ತೀರಿ? ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಡಿಲೀಟ್ ಮಾಡ್ತೀರಿ. ಹಾಗಾಗಿ ಕಂಪನಿಗಳು ಭಯಪಟ್ಟು ಅದನ್ನ ಸರಿ ಇಟ್ಕೋತಾವೆ. ಆದರೆ ಬ್ಯಾಂಕಿನ ಕೌಂಟರ್ ಹಿಂದೆ, ಆಸ್ಪತ್ರೆಯ ಬಿಲ್ಲಿಂಗ್ ಟೇಬಲ್ ಮೇಲೆ, ಎಚ್‌ಆರ್ ಕೋಣೆಯಲ್ಲಿ ಇರೋ ಸಾಫ್ಟ್‌ವೇರ್‌ಗೆ ಸ್ಟಾರ್ ಕೊಡೋರು ಯಾರೂ ಇಲ್ಲ. ದುಡ್ಡು ಕೊಟ್ಟು ಕೊಳ್ಳೋರು ಒಬ್ಬರು, ದಿನಾ ಎಂಟು ಗಂಟೆ ಬಳಸೋರು ಇನ್ನೊಬ್ಬರು. ಬಳಸೋರಿಗೆ ಇಷ್ಟ ಇಲ್ಲ ಅಂದ್ರೂ ಡಿಲೀಟ್ ಮಾಡೋ ಹಾಗಿಲ್ಲ. ಅದಕ್ಕೇ ಇವು ವರ್ಷದಿಂದ ವರ್ಷಕ್ಕೆ ಗೋಜಲಾಗ್ತಾ ಹೋಗ್ತವೆ.

ನಾನು ನೋಡಿದ ಸ್ಕ್ರೀನ್ ಹೀಗಿತ್ತು. ಒಂದೇ ಪುಟದಲ್ಲಿ ನಲವತ್ತಕ್ಕೂ ಹೆಚ್ಚು ಕಾಲಮ್. ಬಲಕ್ಕೆ ಸ್ಕ್ರೋಲ್ ಮಾಡ್ತಾ ಹೋದ್ರೆ ಅಭ್ಯರ್ಥಿಯ ಹೆಸರೇ ಎಡಗಡೆ ಮರೆಯಾಗುತ್ತೆ. ಯಾರ ಸಾಲಿನಲ್ಲಿ ಇದ್ದೀವಿ ಅಂತ ಗೊತ್ತಾಗಲ್ಲ. ಮೇಲೆ ಎರಡು ಸಾಲು ಬಟನ್, ಎಲ್ಲಾ ಒಂದೇ ಬಣ್ಣ, ಒಂದೇ ಗಾತ್ರ. ‘ರಿಜೆಕ್ಟ್’ ಮತ್ತು ‘ಸೇವ್’ ಅಕ್ಕಪಕ್ಕ. ಅರ್ಜಿಯ ಸ್ಥಿತಿ ಹೇಳೋಕೆ ಹದಿನಾಲ್ಕು ಆಯ್ಕೆ. ‘ಪೆಂಡಿಂಗ್’, ‘ಹೋಲ್ಡ್’, ‘ಅಂಡರ್ ರಿವ್ಯೂ’, ‘ಇನ್ ಪ್ರೋಸೆಸ್’ ಅಂತ ನಾಲ್ಕು ಇದ್ವು. ಈ ನಾಲ್ಕಕ್ಕೂ ವ್ಯತ್ಯಾಸ ಏನು ಅಂತ ಅಲ್ಲಿದ್ದ ಮೂವರನ್ನ ಬೇರೆ ಬೇರೆಯಾಗಿ ಕೇಳಿದೆ. ಮೂರು ಉತ್ತರ ಬಂತು.

ಇದನ್ನ ನೋಡಿ ‘ಯಾರ್ರೀ ಇದನ್ನ ಮಾಡಿದ್ದು’ ಅಂತ ನಗೋದು ಸುಲಭ. ಆದರೆ ಪ್ರತಿ ಕಾಲಮ್‌ಗೂ ಒಂದು ಹಿನ್ನೆಲೆ ಇರುತ್ತೆ. ಒಂದು ವರ್ಷ ಯಾವುದೋ ಕಾರ್ಖಾನೆಯವರು ‘ಯಾರ ಹತ್ರ ಬೈಕ್ ಇದೆ ಹೇಳಿ’ ಅಂದ್ರು, ಒಂದು ಕಾಲಮ್ ಬಂತು. ಕೋವಿಡ್ ಕಾಲದಲ್ಲಿ ಲಸಿಕೆ ಹಾಕಿಸಿಕೊಂಡಿದ್ದಾರಾ ಅಂತ ಇನ್ನೊಂದು ಬಂತು. ಒಬ್ಬ ಮ್ಯಾನೇಜರ್ ತಿಂಗಳ ರಿಪೋರ್ಟಿಗೆ ಅಂತ ಎರಡು ಸೇರಿಸಿದ್ರು. ಮ್ಯಾನೇಜರ್ ಕೆಲಸ ಬಿಟ್ಟು ಹೋದ್ರು, ಕಾಲಮ್ ಹೋಗಲಿಲ್ಲ. ಸೇರಿಸೋಕೆ ಒಬ್ಬರ ಮಾತು ಸಾಕು. ತೆಗೆಯೋಕೆ ಎಲ್ಲರ ಒಪ್ಪಿಗೆ ಬೇಕು. ಗೋಜಲು ಹುಟ್ಟೋದು ಈ ಲೆಕ್ಕದಿಂದ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ಕೊಳ್ಳೋಣ. ಗೋಜಲು ಅಂದ್ರೆ ವಿಷಯ ಜಾಸ್ತಿ ಇರೋದು ಅಲ್ಲ. ನಮ್ಮ ಕಡೆ ಸಂತೆ ನೋಡಿ. ನೂರಾರು ಅಂಗಡಿ, ಸಾವಿರ ಜನ, ಕಿವಿ ತುಂಬ ಗಲಾಟೆ. ಆದರೂ ಸೊಪ್ಪು ಎಲ್ಲಿ ಸಿಗುತ್ತೆ, ಕುರಿ ಎಲ್ಲಿ ಕಟ್ಟಿರ್ತಾರೆ, ಹಗ್ಗ ಎಲ್ಲಿ ಮಾರ್ತಾರೆ ಅಂತ ಎಲ್ಲರಿಗೂ ಗೊತ್ತು. ಪ್ರತಿಯೊಂದಕ್ಕೂ ಒಂದು ಜಾಗ ಇದೆ. ಸ್ಕ್ರೀನ್ ಮೇಲೆ ಹತ್ತೇ ವಿಷಯ ಇದ್ದು, ಯಾವುದಕ್ಕೂ ಜಾಗ ಇಲ್ಲ ಅಂದ್ರೆ ಅದು ಗೋಜಲು.

ಇದು ಬರೀ ಅಂದಚಂದದ ವಿಷಯ ಅಲ್ಲ

‘ಸರಿ, ಸ್ಕ್ರೀನ್ ಅಸಹ್ಯವಾಗಿದೆ, ಅದರಿಂದ ಏನು ನಷ್ಟ?’ ಅಂತ ಯಾರಾದರೂ ಕೇಳಿದಾಗ ನಾನು ಸಿಟಿ ಬ್ಯಾಂಕಿನ ಉದಾಹರಣೆ ಕೊಡ್ತೀನಿ. 2020ರ ಆಗಸ್ಟ್ 11. ಅಮೆರಿಕದ ರೆವ್ಲಾನ್ ಅನ್ನೋ ಸೌಂದರ್ಯವರ್ಧಕ ಕಂಪನಿಯ ಸಾಲದ ಮೇಲೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಟ್ಟಬೇಕಿತ್ತು. ಬ್ಯಾಂಕಿನ ಒಳಗಿನ ಸಾಫ್ಟ್‌ವೇರ್‌ನಲ್ಲಿ ಅಸಲು ಹೊರಗೆ ಹೋಗದ ಹಾಗೆ ತಡೆಯೋಕೆ ಮೂರು ಕಡೆ ಟಿಕ್ ಮಾಡಬೇಕಿತ್ತು. ಒಂದು ಕಡೆ ಮಾತ್ರ ಮಾಡಿದ್ರು. ಮೂರು ಜನ ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೂ, ಬ್ಯಾಂಕಿನ ಸ್ವಂತ ದುಡ್ಡು ಸುಮಾರು 90 ಕೋಟಿ ಡಾಲರ್ ಸಾಲ ಕೊಟ್ಟವರ ಖಾತೆಗೆ ಹೋಗಿಬಿಡ್ತು. ವಾಪಸ್ ಪಡೆಯೋಕೆ ಕೋರ್ಟಿಗೆ ಹೋದ್ರು, 2021ರಲ್ಲಿ ಸೋತರು, 2022ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು. ಆ ಮೂವರೂ ದಡ್ಡರಲ್ಲ. ಯಾವ ಟಿಕ್ ಹಾಕಿದ್ರೆ ಏನಾಗುತ್ತೆ ಅಂತ ಸ್ಕ್ರೀನ್ ಅವರಿಗೆ ಹೇಳಲಿಲ್ಲ, ಅಷ್ಟೆ.

ಬ್ಯಾಂಕಿನಲ್ಲಿ ದುಡ್ಡು ಹೋದ್ರೆ ಪೇಪರಲ್ಲಿ ಬರುತ್ತೆ. ನೇಮಕಾತಿಯಲ್ಲಿ ಹೋಗೋದು ಜನ. ಅದು ಎಲ್ಲೂ ವರದಿಯಾಗೋದಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಅಕ್ಸೆಂಚರ್ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ವು. ಹೆಚ್ಚಿನ ಕೌಶಲ ಬೇಕಾದ ಕೆಲಸಗಳಿಗೆ ಅರ್ಹರಾದವರೇ ನೇಮಕಾತಿ ಪ್ರಕ್ರಿಯೆಯಿಂದ ಹೊರಗೆ ಬೀಳ್ತಿದ್ದಾರೆ, ಕಾರಣ ಜಾಹೀರಾತಿನಲ್ಲಿ ಬರೆದ ಮಾನದಂಡಕ್ಕೆ ಅಕ್ಷರಶಃ ಹೊಂದೋದಿಲ್ಲ ಅನ್ನೋದು, ಅಂತ 88% ಉದ್ಯೋಗದಾತರೇ ಒಪ್ಕೊಂಡಿದ್ರು. ಅಂದ್ರೆ ಬಾಗಿಲು ಹಾಕ್ತಿರೋರಿಗೇ ಗೊತ್ತು, ಒಳ್ಳೆಯವರು ಹೊರಗೆ ಉಳೀತಿದ್ದಾರೆ ಅಂತ.

ಮಾನಿಟರ್ ಅಂಚಿನ ಹಳದಿ ಚೀಟಿ

ಇಂಥ ಕೆಲಸದಲ್ಲಿ ಮೊದಲ ವಾರ ನಾವು ಏನೂ ಬಿಡಿಸೋದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ನೋಡ್ತೀವಿ. ‘ನಿಮಗೆ ಏನು ಬೇಕು’ ಅಂತ ಕೇಳಿದ್ರೆ ಜನ ಇನ್ನೊಂದು ಬಟನ್ ಕೇಳ್ತಾರೆ. ಏನು ಮಾಡ್ತಾರೆ ಅಂತ ನೋಡಿದ್ರೆ ನಿಜ ಗೊತ್ತಾಗುತ್ತೆ.

ಎಷ್ಟು ಜನರನ್ನ ನೋಡಬೇಕು? ಜೇಕಬ್ ನೀಲ್ಸನ್ ಅನ್ನೋ ಡೆನ್ಮಾರ್ಕ್ ಮೂಲದ ತಜ್ಞರು 2000ನೇ ಇಸವಿಯಲ್ಲಿ ಬರೆದ ಒಂದು ಲೇಖನ ನಮ್ಮ ಕ್ಷೇತ್ರದಲ್ಲಿ ತುಂಬಾ ಪ್ರಸಿದ್ಧ. ಐದು ಜನ ಬಳಸೋದನ್ನ ನೋಡಿದ್ರೆ ಹೆಚ್ಚಿನ ತೊಂದರೆಗಳು ಕಣ್ಣಿಗೆ ಬೀಳ್ತವೆ ಅಂತ ಅವರ ಲೆಕ್ಕ. ದೊಡ್ಡ ಸರ್ವೆ ಬೇಡ, ದುಬಾರಿ ಲ್ಯಾಬ್ ಬೇಡ. ಕಾಲೇಜು ಪ್ರಾಜೆಕ್ಟ್ ಮಾಡ್ತಿರೋರು ಇದನ್ನ ನೆನಪಿಟ್ಕೊಳ್ಳಿ.

ನಾನು ನೋಡಿದಾಗ ಕಂಡಿದ್ದು ಎರಡು. ಒಂದು, ಪ್ರತಿ ಮಾನಿಟರಿನ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಗಳು. ‘ಫಿಟ್ಟರ್‌ಗೆ ಕೋಡ್ 7, ಟರ್ನರ್‌ಗೆ 11’, ‘ಮೊದಲು ಸೇವ್, ಆಮೇಲೆ ಅಪ್‌ಡೇಟ್’, ಹೀಗೆ. ಸ್ಕ್ರೀನ್ ಹೇಳಬೇಕಾದ್ದನ್ನ ಚೀಟಿ ಹೇಳ್ತಾ ಇತ್ತು. ಎರಡನೇದು, ಸಾಫ್ಟ್‌ವೇರ್ ಪಕ್ಕದಲ್ಲೇ ಸದಾ ತೆರೆದಿರುತ್ತಿದ್ದ ಒಂದು ಎಕ್ಸೆಲ್ ಶೀಟ್. ನಿಜವಾದ ಕೆಲಸ ನಡೀತಿದ್ದದ್ದು ಅದರಲ್ಲಿ. ಸಂಜೆ ಆರಕ್ಕೆ ಅದನ್ನ ನೋಡ್ಕೊಂಡು ಸಾಫ್ಟ್‌ವೇರ್‌ಗೆ ತುಂಬ್ತಿದ್ರು. ಮೇಲಿನವರು ಆ ಎಕ್ಸೆಲ್ ನಿಲ್ಲಿಸಬೇಕು ಅಂತ ಸರ್ಕ್ಯುಲರ್ ಕಳಿಸಿದ್ರಂತೆ. ನನಗೆ ಮಾತ್ರ ಅದೇ ನಕ್ಷೆ ಆಯ್ತು. ಆ ಶೀಟಿನಲ್ಲಿ ಇದ್ದದ್ದು ಎಂಟೇ ಕಾಲಮ್. ನಲವತ್ತರಲ್ಲಿ ನಿಜವಾಗಿ ಬೇಕಾದ್ದು ಯಾವುದು ಅನ್ನೋದಕ್ಕೆ ಉತ್ತರ ಅಲ್ಲೇ ಇತ್ತು.

ಚೇಳೂರು ಎರಡು, ತುಮಕೂರು ಎರಡು

ಈಗ ನಮ್ಮ ಕಡೆಯ ವಿಶೇಷ ಸಮಸ್ಯೆಗಳಿಗೆ ಬರೋಣ. ಸಾಫ್ಟ್‌ವೇರ್‌ಗಳ ಮೂಲ ಅಚ್ಚು ಸಾಮಾನ್ಯವಾಗಿ ಬೇರೆ ದೇಶದ್ದು. ನಮ್ಮ ಹೆಸರು, ನಮ್ಮ ಊರು, ನಮ್ಮ ಮಾರ್ಕ್ಸ್ ಕಾರ್ಡ್ ಅದರೊಳಗೆ ಕೂರೋದೇ ಇಲ್ಲ.

ಮೊದಲು ಹೆಸರು. ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎರಡೂ ಕಡ್ಡಾಯ ಅನ್ನುತ್ತೆ ಫಾರ್ಮ್. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನೋದೇ ಇಲ್ಲ. ಇನಿಷಿಯಲ್ ಇರುತ್ತೆ, ಅದರಲ್ಲಿ ಒಂದು ಊರಿಂದು, ಒಂದು ಅಪ್ಪಂದು. ಒಬ್ಬರು ಲಾಸ್ಟ್ ನೇಮ್ ಜಾಗದಲ್ಲಿ ‘ಎಸ್’ ಅಂತ ಬರೀತಾರೆ, ಒಬ್ಬರು ಅಪ್ಪನ ಹೆಸರು ಬರೀತಾರೆ, ಇನ್ನೊಬ್ಬರು ಒಂದು ಚುಕ್ಕಿ ಇಟ್ಟು ಮುಂದೆ ಹೋಗ್ತಾರೆ. ಮೂರು ತಿಂಗಳು ಬಿಟ್ಟು ಅದೇ ಹುಡುಗಿ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಿದಾಗ ಬೇರೆ ರೀತಿ ಬರೀತಾಳೆ. ಸಾಫ್ಟ್‌ವೇರ್ ಪ್ರಕಾರ ಅವರು ಇಬ್ಬರು.

ಆಮೇಲೆ ಊರು. ರಾಜ್ಯ ಸರ್ಕಾರ 2014ರ ನವೆಂಬರ್ 1ರಿಂದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿಸ್ತು. ಇಂಗ್ಲಿಷಿನಲ್ಲಿ ‘ತುಮ್ಕೂರ್’ ಅಂತ ಇದ್ದದ್ದು ತುಮಕೂರು ಆಯ್ತು, ‘ಬ್ಯಾಂಗಲೋರ್’ ಬೆಂಗಳೂರು ಆಯ್ತು. ಜನ ಎರಡೂ ಬರೀತಾರೆ. ಆದರೆ ಫಿಲ್ಟರ್‌ನಲ್ಲಿ ಒಂದನ್ನ ಆರಿಸಿದ್ರೆ ಇನ್ನೊಂದು ಬರೋದಿಲ್ಲ. ಬಿಜಾಪುರ ವಿಜಯಪುರ ಆಯ್ತಲ್ಲ, ದೇವನಹಳ್ಳಿ ಹತ್ತಿರ ಮೊದಲೇ ಒಂದು ವಿಜಯಪುರ ಇದೆ. ಇನ್ನು ನಮ್ಮ ಚೇಳೂರು. ‘ಸಿದ್ದು’ ಹಲಸಿನ ತಳಿ ಹುಟ್ಟಿದ ಊರು, ಗುಬ್ಬಿ ತಾಲ್ಲೂಕು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇನ್ನೊಂದು ಚೇಳೂರಿದೆ, ಆಂಧ್ರದ ಗಡಿ ಹತ್ತಿರ, ಅದು ತಾಲ್ಲೂಕು ಕೇಂದ್ರ. ಹಳೆಯ ಟೂಲ್‌ನ ಪಟ್ಟಿಯಲ್ಲಿ ಒಂದೇ ಚೇಳೂರು. ತುಮಕೂರು ಕಾರ್ಖಾನೆಗೆ ಹತ್ತಿರದವರನ್ನ ಹುಡುಕಿದಾಗ ನಮ್ಮೂರಿನವರು ಬರ್ತಾನೇ ಇರಲಿಲ್ಲ, ಯಾಕಂದ್ರೆ ಆ ಹೆಸರನ್ನ ಅದು ಚಿಕ್ಕಬಳ್ಳಾಪುರಕ್ಕೆ ಜೋಡಿಸಿತ್ತು.

ಮೂರನೇದು ಅಕ್ಷರ. ನಮ್ಮಲ್ಲಿ ಸೈಬರ್ ಸೆಂಟರ್‌ಗಳಲ್ಲಿ ಈಗಲೂ ಹಳೆಯ ನುಡಿ ಫಾಂಟ್‌ನಲ್ಲಿ ಬಯೋಡೇಟಾ ಟೈಪ್ ಮಾಡಿಕೊಡೋರು ಇದ್ದಾರೆ. ಆ ಹಳೆಯ ಪದ್ಧತಿಯಲ್ಲಿ ಕನ್ನಡ ಕಾಣೋದು ಆ ಫಾಂಟ್ ಇದ್ರೆ ಮಾತ್ರ. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ. ರೆಸ್ಯೂಮ್ ಓದೋ ಸಾಫ್ಟ್‌ವೇರ್‌ಗೂ ಹಾಗೇ ಕಾಣೋದು. ಯುನಿಕೋಡ್‌ನಲ್ಲಿ ಬರೆದ ಕನ್ನಡಕ್ಕೆ ಆ ತೊಂದರೆ ಇಲ್ಲ.

ನಾಲ್ಕನೇದು ಅಂಕ. ಎಸ್‌ಎಸ್‌ಎಲ್‌ಸಿ ಅಂದ್ರೆ 625ಕ್ಕೆ, ಪಿಯುಸಿ ಅಂದ್ರೆ 600ಕ್ಕೆ. ಫಾರ್ಮ್‌ನಲ್ಲಿ ‘ಅಂಕ’ ಅಂತ ಬರೀ ಒಂದು ಬಾಕ್ಸ್ ಇದೆ. 500 ಅಂತ ಒಬ್ಬ ಬರೀತಾನೆ, 80 ಅಂತ ಇನ್ನೊಬ್ಬ ಬರೀತಾನೆ. 625ಕ್ಕೆ 500 ಅಂದ್ರೂ ಅದೇ 80%. ಆದರೆ ಸಾಲಾಗಿ ಜೋಡಿಸಿದಾಗ ಒಬ್ಬ ಮೇಲೆ, ಒಬ್ಬ ಪಾತಾಳದಲ್ಲಿ.

ಅಪ್ರೆಂಟಿಸ್ ಹುಡುಗನ ಅರ್ಜಿ

ಇವೆಲ್ಲಕ್ಕಿಂತ ನನ್ನನ್ನ ಹೆಚ್ಚು ಕಾಡಿದ್ದು ಒಂದು ಅರ್ಜಿ. ಹಳೆಯ ಡೇಟಾ ಹಾಕಿ ಹೊಸ ಸ್ಕ್ರೀನ್ ಪರೀಕ್ಷೆ ಮಾಡ್ತಿದ್ವಿ. ಏಳು ತಿಂಗಳ ಹಿಂದಿನ ಒಂದು ಹುದ್ದೆ, ಎಲೆಕ್ಟ್ರೀಷಿಯನ್, ಒಂದು ವರ್ಷ ಅನುಭವ ಬೇಕು. ಪಟ್ಟಿಯ ಮೇಲ್ಗಡೆ ಗುಬ್ಬಿ ಕಡೆಯ ಒಬ್ಬ ಹುಡುಗನ ಹೆಸರು ಬಂತು. ಐಟಿಐ ಮುಗಿಸಿ, ಒಂದು ವರ್ಷ ಅಪ್ರೆಂಟಿಸ್‌ಶಿಪ್ ಮಾಡಿ, ಅದರ ರಾಷ್ಟ್ರೀಯ ಪ್ರಮಾಣಪತ್ರವನ್ನೂ ಅಪ್‌ಲೋಡ್ ಮಾಡಿದ್ದ. ಕಾರ್ಖಾನೆ ಕೇಳಿದ್ದೆಲ್ಲಾ ಅವನ ಹತ್ರ ಇತ್ತು.

ಹಳೆಯ ಟೂಲ್‌ನಲ್ಲಿ ಅವನು ಯಾಕೆ ಸಿಕ್ಕಿರಲಿಲ್ಲ? ಅಪ್ರೆಂಟಿಸ್‌ಶಿಪ್ ಬರೆಯೋ ಜಾಗ ‘ತರಬೇತಿ’ ಅನ್ನೋ ಬೇರೆ ಟ್ಯಾಬ್‌ನಲ್ಲಿತ್ತು. ಅವನು ಸರಿಯಾಗೇ ಅಲ್ಲಿ ಬರೆದಿದ್ದ. ‘ಅನುಭವ’ ಬಾಕ್ಸ್ ಖಾಲಿ ಬಿಟ್ಟಿದ್ದ. ಖಾಲಿ ಅಂದ್ರೆ ಸೊನ್ನೆ ಅಂತ ಫಿಲ್ಟರ್ ಲೆಕ್ಕ ಹಾಕ್ತು. ಅವನ ಅರ್ಜಿಯನ್ನ ಯಾರೂ ತಿರಸ್ಕರಿಸಿರಲಿಲ್ಲ. ಯಾರೂ ತೆರೆದೇ ಇರಲಿಲ್ಲ. ಏಳು ತಿಂಗಳಾದ್ರೂ ಅದರ ಸ್ಥಿತಿ ‘ಅಂಡರ್ ರಿವ್ಯೂ’. ಹುದ್ದೆ ತುಂಬಿ ಎಷ್ಟೋ ಕಾಲ ಆಗಿತ್ತು.

ಎಚ್‌ಆರ್‌ನವರು ಫೋನ್ ಮಾಡಿದ್ರು. ಅವನು ಅಷ್ಟೊತ್ತಿಗೆ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿದ್ದ. ಬೇರೆ ಹುದ್ದೆ ಖಾಲಿ ಇದ್ದಾಗ ಕರೀತೀವಿ ಅಂದ್ರು. ‘ಆಯ್ತು ಮೇಡಂ’ ಅಂದ. ಅಷ್ಟೇ ಮಾತು. ಗುಬ್ಬಿ ತಾಲ್ಲೂಕಿನಲ್ಲೇ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ತುಮಕೂರಿನ ಆಚೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೀತಾನೇ ಇದೆ. ಮನೆ ಹತ್ತಿರ ಕೆಲಸ ಸಿಗುತ್ತೆ ಅನ್ನೋ ಆಸೆ ನಮ್ಮ ಕಡೆ ಈಗ ಎಲ್ಲಾ ಮನೆಯಲ್ಲೂ ಇದೆ. ಆ ಆಸೆ ಒಂದು ಖಾಲಿ ಬಾಕ್ಸ್‌ಗೆ ಸಿಕ್ಕಿ ನಿಂತುಹೋಗಬಹುದು ಅಂತ ಯಾರಿಗೆ ಗೊತ್ತಿರುತ್ತೆ?

ಏನೇನು ಬದಲಾಯ್ತು?

ಮೊದಲನೆಯದು, ಒಂದು ಸ್ಕ್ರೀನಿಗೆ ಒಂದು ಪ್ರಶ್ನೆ. ಎಚ್‌ಆರ್‌ನವರು ಬೆಳಿಗ್ಗೆ ಕೂತಾಗ ಕೇಳೋ ಪ್ರಶ್ನೆ ‘ಇವತ್ತು ನಾನು ಯಾರಿಗೆ ಉತ್ತರ ಕೊಡಬೇಕು?’ ಹಾಗಾಗಿ ಮೊದಲ ಪುಟದಲ್ಲಿ ಅದೊಂದೇ ಪಟ್ಟಿ, ಹೆಚ್ಚು ದಿನ ಕಾದವರು ಮೇಲೆ. ಅರ್ಜಿ ತೆರೆದಾಗ ಬರೋ ಪ್ರಶ್ನೆ ‘ಇವರನ್ನ ಸಂದರ್ಶನಕ್ಕೆ ಕರೀಬೇಕಾ?’ ಅದಕ್ಕೆ ಬೇಕಾದ ಎಂಟು ವಿಷಯ ಮಾತ್ರ ಎದುರಿಗೆ. ಉಳಿದದ್ದು ಡಿಲೀಟ್ ಆಗಿಲ್ಲ, ‘ಇನ್ನಷ್ಟು’ ಅನ್ನೋದರ ಒಳಗಿದೆ.

ಎರಡನೆಯದು, ಹದಿನಾಲ್ಕು ಸ್ಥಿತಿ ಹೋಗಿ ಐದಾಯ್ತು. ಬಂದಿದೆ, ನೋಡ್ತಿದ್ದೇವೆ, ಸಂದರ್ಶನ, ನಿರ್ಧಾರ, ಮುಗಿದಿದೆ. ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರರ ಹೆಸರು, ಒಂದು ತಾರೀಕು. ‘ಹೋಲ್ಡ್’ ಅನ್ನೋ ಪದವನ್ನೇ ತೆಗೆದ್ವಿ. ಯಾಕಂದ್ರೆ ನಿರ್ಧಾರ ಮಾಡೋಕೆ ಮನಸ್ಸಿಲ್ಲದಾಗ ಎಲ್ಲರೂ ಅರ್ಜಿಗಳನ್ನ ಅದರೊಳಗೆ ತಳ್ತಿದ್ರು.

ಮೂರನೆಯದು, ಫಿಲ್ಟರ್‌ಗೆ ಬಾಯಿ ಬಂತು. ಮೊದಲು ಫಿಲ್ಟರ್ ಹಾಕಿದ್ರೆ ಉಳಿದವರು ಮಾತ್ರ ಕಾಣ್ತಿದ್ರು. ಈಗ ಕೆಳಗೆ ಒಂದು ಸಾಲು ಬರುತ್ತೆ: ‘ಈ ಷರತ್ತಿನಿಂದ ಇಷ್ಟು ಜನ ಹೊರಗೆ ಉಳಿದಿದ್ದಾರೆ, ಅದರಲ್ಲಿ ಇಷ್ಟು ಜನ ಈ ಬಾಕ್ಸ್ ತುಂಬಿಲ್ಲ.’ ಮುಟ್ಟಿದ್ರೆ ಅವರ ಪಟ್ಟಿ ತೆರೆಯುತ್ತೆ. ಖಾಲಿ ಬೇರೆ, ಸೊನ್ನೆ ಬೇರೆ. ಅಪ್ರೆಂಟಿಸ್‌ಶಿಪ್ ಕೂಡ ಅನುಭವದ ಲೆಕ್ಕಕ್ಕೆ ಬಂತು.

ಇನ್ನು ಸಣ್ಣಪುಟ್ಟದ್ದು. ಹೆಸರಿಗೆ ಒಂದೇ ಬಾಕ್ಸ್, ‘ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರುವ ಹಾಗೆ’ ಅಂತ ಪಕ್ಕದಲ್ಲಿ ಸೂಚನೆ. ಊರಿನ ಜೊತೆ ತಾಲ್ಲೂಕು, ಜಿಲ್ಲೆ ಸೇರಿಸಿ ಆರಿಸೋ ಪಟ್ಟಿ. ಅಂಕ ಬರೆಯೋವಾಗ ‘ಎಷ್ಟಕ್ಕೆ’ ಅನ್ನೋ ಎರಡನೇ ಬಾಕ್ಸ್. ‘ರಿಜೆಕ್ಟ್’ ಬಟನ್ ದೂರ ಹೋಯ್ತು, ಒತ್ತಿದ ಮೇಲೆ ಹತ್ತು ನಿಮಿಷ ವಾಪಸ್ ತಗೊಳ್ಳೋಕೆ ಅವಕಾಶ ಇದೆ.

ಎಲ್ಲರೂ ಖುಷಿಯಾದ್ರಾ? ಇಲ್ಲ. ಒಂಬತ್ತು ವರ್ಷದಿಂದ ಅಲ್ಲೇ ಕೆಲಸ ಮಾಡ್ತಿದ್ದ ಮೇಡಂ ಒಬ್ಬರು ಮೊದಲ ದಿನವೇ ಹೇಳಿದ್ರು, ‘ಹಳೇದು ಕೆಟ್ಟದಾಗಿತ್ತು ಸರಿ, ಆದರೆ ನನ್ನ ಬೆರಳಿಗೆ ಗೊತ್ತಿತ್ತು.’ ನ್ಯಾಯವಾದ ಮಾತು. ಗೋಜಲಿನ ಸ್ಕ್ರೀನ್ ಕಲಿಯೋಕೆ ಅವರು ವರ್ಷಗಟ್ಟಲೆ ಕಷ್ಟಪಟ್ಟಿದ್ದಾರೆ. ಆ ಜಾಣ್ಮೆ ಒಂದೇ ದಿನಕ್ಕೆ ಬೆಲೆ ಇಲ್ಲದ್ದಾಗಿಬಿಡುತ್ತೆ. ಅದಕ್ಕೆ ಅವರು ಬಳಸ್ತಿದ್ದ ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೆಲ್ಲ ಹಾಗೇ ಉಳಿಸಿಕೊಂಡ್ವಿ. ಹಳೆಯ ಪುಟಕ್ಕೆ ಹೋಗೋ ಬಟನ್ ಒಂದು ತಿಂಗಳು ಇಟ್ವಿ. ಹೊಸಬರಿಗೆ ತರಬೇತಿ ಕೊಡೋ ಕೆಲಸವನ್ನ ಸಂಸ್ಥೆ ಅವರಿಗೇ ವಹಿಸ್ತು.

ಭೂಮಿ ಕಲಿಸಿದ ಪಾಠ: ಸ್ಕ್ರೀನನ್ನ ಆ ಕಡೆಗೂ ತಿರುಗಿಸಿ

ಇಷ್ಟೆಲ್ಲಾ ಆದ್ಮೇಲೂ ಒಂದು ಜಗಳ ಉಳಿದಿತ್ತು. ಅರ್ಜಿಯ ಸ್ಥಿತಿ ಅಭ್ಯರ್ಥಿಗೆ ಕಾಣಬೇಕಾ? ಕಂಡ್ರೆ ದಿನಾ ನೂರು ಫೋನ್ ಬರುತ್ತೆ ಅಂತ ಎಚ್‌ಆರ್‌ನವರ ಆತಂಕ. ‘ಇದು ಒಳಗಿನ ಟೂಲ್, ಹೊರಗಿನವರಿಗೆ ಯಾಕೆ’ ಅಂತ ಮ್ಯಾನೇಜರ್.

ಆ ಮೀಟಿಂಗ್‌ನಲ್ಲಿ ನಾನು ಗುಬ್ಬಿ ತಾಲ್ಲೂಕು ಕಚೇರಿಯ ವಿಷಯ ಎತ್ತಿದೆ. 2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ ‘ಭೂಮಿ’ ಯೋಜನೆ ತಂತು, ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಕೆಲಸ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದ್ವು. ಅದಕ್ಕೂ ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಒಳಗೆ ಏನು ಬರೆದಿದೆ ಅಂತ ರೈತನಿಗೆ ನೋಡೋಕೆ ಸುಲಭದ ದಾರಿ ಇರಲಿಲ್ಲ.

ಭೂಮಿಯಲ್ಲಿ ಎರಡು ಸಣ್ಣ ವಿನ್ಯಾಸದ ನಿರ್ಧಾರಗಳಿದ್ವು. ಒಂದು, ತಾಲ್ಲೂಕು ಕೇಂದ್ರದ ಕೌಂಟರ್‌ನಲ್ಲಿ ಎರಡನೇ ಮಾನಿಟರ್ ಇಟ್ರು, ರೈತನ ಕಡೆ ಮುಖ ಮಾಡಿ. ಆಪರೇಟರ್ ಏನು ಮಾಡ್ತಿದ್ದಾರೆ ಅಂತ ಈ ಕಡೆ ನಿಂತವರಿಗೂ ಕಾಣ್ತಿತ್ತು. ಇನ್ನೊಂದು, ಖಾತೆ ಬದಲಾವಣೆಯ ಅರ್ಜಿಗಳನ್ನ ಬಂದ ಕ್ರಮದಲ್ಲೇ ತಗೋಬೇಕು ಅನ್ನೋ ನಿಯಮವನ್ನ ಸಾಫ್ಟ್‌ವೇರ್ ಒಳಗೇ ಕೂಡಿಸಿದ್ರು. ಹಿಂದೆ ಬಂದವರ ಅರ್ಜಿಯನ್ನ ಮುಂದೆ ತಳ್ಳೋದು ಕಷ್ಟ ಆಯ್ತು.

ಬಣ್ಣ, ಫಾಂಟ್ ಯಾವುದೂ ಇಲ್ಲದ ವಿನ್ಯಾಸ ಇದು. ಆದರೆ ಇದರಲ್ಲಿರೋ ವಿಚಾರವನ್ನ ನಾನು ಯಾವ ಪುಸ್ತಕಕ್ಕಿಂತ ಹೆಚ್ಚು ನಂಬ್ತೀನಿ. ಕೌಂಟರ್‌ನ ಆಚೆ ನಿಂತು ಕಾಯೋನು ಕೂಡ ಆ ಸಾಫ್ಟ್‌ವೇರ್‌ನ ಬಳಕೆದಾರನೇ. ಒಳಗಿನ ಟೂಲ್ ಅಂತ ನಾವು ಕರೆಯೋ ಪ್ರತಿಯೊಂದಕ್ಕೂ ಹೊರಗೆ ಒಬ್ಬ ಕಾಯ್ತಿರ್ತಾನೆ. ಸ್ಕ್ರೀನಿನ ಗೋಜಲಿಗೆ ಬೆಲೆ ಕೊಡೋನು ಅವನು. ಅವನಿಗೆ ಕಾಣದ ಹಾಗೆ ಇಟ್ಟಷ್ಟು ದಿನ ಗೋಜಲು ಬೆಳೀತಾನೇ ಇರುತ್ತೆ.

ಕೊನೆಗೆ ಒಪ್ಪಂದ ಹೀಗಾಯ್ತು. ಐದು ಸ್ಥಿತಿಯಲ್ಲಿ ಯಾವುದೇ ಬದಲಾದ್ರೂ ಅಭ್ಯರ್ಥಿಗೆ ಕನ್ನಡದಲ್ಲಿ ಒಂದು ಎಸ್‌ಎಂಎಸ್. ಪ್ರತಿ ಹುದ್ದೆಗೂ ಒಂದು ಕೊನೆಯ ತಾರೀಕು. ಆ ತಾರೀಕಿಗೆ ನಿರ್ಧಾರ ಆಗದಿದ್ರೆ ‘ಈ ಹುದ್ದೆ ತುಂಬಿದೆ, ನಿಮ್ಮ ಅರ್ಜಿ ಇಲ್ಲಿಗೆ ಮುಗಿದಿದೆ’ ಅಥವಾ ‘ಇನ್ನೂ ಇಷ್ಟು ದಿನ ಬೇಕು’ ಅಂತ ಎರಡರಲ್ಲಿ ಒಂದು ಸಂದೇಶ ಹೋಗಲೇಬೇಕು. ನೂರು ಫೋನ್ ಬಂದ್ವಾ? ಮೊದಲ ವಾರ ಬಂದ್ವು. ಆಮೇಲೆ ಕಡಿಮೆಯಾದ್ವು, ಯಾಕಂದ್ರೆ ‘ಏನಾಯ್ತು ಸಾರ್’ ಅಂತ ಕೇಳೋಕೆ ಕಾರಣವೇ ಉಳಿಯಲಿಲ್ಲ.

‘ಇಲ್ಲ’ ಅನ್ನೋ ಸುದ್ದಿ ಯಾರಿಗೂ ಇಷ್ಟ ಇಲ್ಲ. ಆದರೆ ಸ್ಪಷ್ಟವಾದ ‘ಇಲ್ಲ’ ಬಂದ್ರೆ ಮಾರನೇ ದಿನ ಇನ್ನೊಂದು ಕಡೆ ಹೋಗಬಹುದು. ಕಾಯೋನಿಗೆ ಆ ದಾರಿಯೂ ಇರಲ್ಲ.

ಒಂದು ಎಚ್ಚರಿಕೆ

ಚೊಕ್ಕವಾದ ಸ್ಕ್ರೀನ್ ಬಂದ ತಕ್ಷಣ ನ್ಯಾಯ ಸಿಗುತ್ತೆ ಅಂತ ಅಲ್ಲ. ಅಮೆಜಾನ್ ಕಂಪನಿ ರೆಸ್ಯೂಮ್‌ಗಳಿಗೆ ಅಂಕ ಕೊಡೋ ಒಂದು ಎಐ ಟೂಲ್ ಕಟ್ಟಿತ್ತು. ಹಿಂದಿನ ವರ್ಷಗಳಲ್ಲಿ ಬಂದ ರೆಸ್ಯೂಮ್‌ಗಳಿಂದ ಅದು ಕಲಿತಿತ್ತು, ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಹಾಗಾಗಿ ಹೆಂಗಸರ ರೆಸ್ಯೂಮ್‌ಗಳಿಗೆ ಕಡಿಮೆ ಅಂಕ ಕೊಡೋಕೆ ಶುರು ಮಾಡ್ತು. ಕೊನೆಗೆ ಕಂಪನಿ ಅದನ್ನ ಕೈಬಿಟ್ಟಿತು ಅಂತ 2018ರಲ್ಲಿ ರಾಯ್ಟರ್ಸ್ ವರದಿ ಮಾಡ್ತು. ಕೆಟ್ಟ ನಿಯಮವನ್ನ ಚಂದದ ಸ್ಕ್ರೀನ್ ಒಳಗೆ ಇಟ್ರೆ ಅದು ಇನ್ನೂ ಬೇಗ ಕೆಲಸ ಮಾಡುತ್ತೆ ಅಷ್ಟೆ. ಅದಕ್ಕೇ ಫಿಲ್ಟರ್ ಯಾರನ್ನ ಹೊರಗಿಟ್ಟಿತು ಅಂತ ತೋರಿಸೋ ಆ ಒಂದು ಸಾಲು ನನಗೆ ಬೇರೆಲ್ಲದಕ್ಕಿಂತ ಮುಖ್ಯ. ನಿಯಮ ತಪ್ಪಿದ್ರೆ ಮನುಷ್ಯರ ಕಣ್ಣಿಗೆ ಬೀಳೋಕೆ ಅಷ್ಟಾದರೂ ಅವಕಾಶ ಬೇಕು.

ನೀವು ಏನು ಮಾಡಬಹುದು?

ಕೆಲಸ ಹುಡುಕ್ತಿರೋರಿಗೆ ಐದು ಮಾತು.

ಒಂದು, ಎಲ್ಲಾ ಕಡೆ ಒಂದೇ ಹೆಸರು, ಒಂದೇ ಕಾಗುಣಿತ, ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರೋ ಹಾಗೆ.

ಎರಡು, ಊರಿನ ಜೊತೆ ತಾಲ್ಲೂಕು, ಜಿಲ್ಲೆ ಎರಡನ್ನೂ ಬರೀರಿ.

ಮೂರು, ಅಪ್ರೆಂಟಿಸ್‌ಶಿಪ್, ಇಂಟರ್ನ್‌ಶಿಪ್ ಮಾಡಿದ್ರೆ ತರಬೇತಿಯ ಜಾಗದಲ್ಲೂ ಬರೀರಿ, ಅನುಭವದ ಜಾಗದಲ್ಲೂ ಎಷ್ಟು ತಿಂಗಳು ಅಂತ ಹೇಳಿ. ಅಪ್ರೆಂಟಿಸ್‌ಶಿಪ್ ಅಂತ ಸ್ಪಷ್ಟವಾಗಿ ನಮೂದಿಸಿ. ಸಂಬಂಧಪಟ್ಟ ಬಾಕ್ಸ್ ಖಾಲಿ ಬಿಡಬೇಡಿ.

ನಾಲ್ಕು, ಕನ್ನಡದಲ್ಲಿ ರೆಸ್ಯೂಮ್ ಮಾಡಿಸಿದ್ರೆ ಯುನಿಕೋಡ್‌ನಲ್ಲೇ ಮಾಡಿಸಿ. ಪರೀಕ್ಷೆ ಸುಲಭ: ಫೈಲ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ. ಕನ್ನಡ ಕನ್ನಡವಾಗಿಯೇ ಕಂಡ್ರೆ ಸರಿ.

ಐದು, ಎರಡು ವಾರ ಉತ್ತರ ಬರದಿದ್ರೆ ಅರ್ಜಿ ಸಂಖ್ಯೆ, ಹುದ್ದೆಯ ಹೆಸರು ಬರೆದು ಒಂದು ಚಿಕ್ಕ ಇಮೇಲ್ ಕಳಿಸಿ. ಅದು ಕಾಡಿಸೋದು ಅಲ್ಲ. ನಿಮ್ಮ ಅರ್ಜಿಯನ್ನ ಯಾರಾದರೂ ತೆರೆಯೋ ಹಾಗೆ ಮಾಡೋದು.

ಸಾಫ್ಟ್‌ವೇರ್ ಮಾಡ್ತಿರೋರಿಗೆ, ಕಲೀತಿರೋರಿಗೆ ಮಾತ್ರ ಒಂದೇ ಮಾತು. ಮುಂದಿನ ಸಲ ಯಾವುದಾದರೂ ಕಚೇರಿಯ ಸ್ಕ್ರೀನ್ ಬಿಡಿಸೋಕೆ ಕೂತಾಗ, ಅದನ್ನ ಬಳಸೋರ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೀರಿ: ‘ಇದರ ಆಚೆ ಕಾಯ್ತಿರೋರು ಯಾರು?’ ಉತ್ತರ ಸಿಕ್ಕ ಮೇಲೆ ಯಾವ ಕಾಲಮ್ ಇರಬೇಕು, ಯಾವುದು ಹೋಗಬೇಕು ಅನ್ನೋದು ಬಹಳಷ್ಟು ಮಟ್ಟಿಗೆ ತಾನಾಗೇ ತೀರ್ಮಾನ ಆಗುತ್ತೆ.

ನಿಮ್ಮ ಸ್ನೇಹಿತರಲ್ಲಿ ಯಾರಾದರೂ ಅರ್ಜಿ ಹಾಕಿ ಉತ್ತರಕ್ಕೆ ಕಾಯ್ತಿದ್ರೆ ಅವರಿಗೆ ಈ ಸಂಚಿಕೆ ಕಳಿಸಿ.